ಕಡು ಬೇಸಿಗೆಯಲ್ಲಿ ಕೋಳಿಗೂಡು: ಕೈಯಲ್ಲಿರುವ ಸಾಮಾನಿನಲ್ಲೇ ತಂಪು ಮಾಡುವ ಬಗೆ

ಕೋಳಿ ಬೆವರುವುದಿಲ್ಲ. ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ, ಮೇಲಿಂದ ಮೈತುಂಬ ಪುಕ್ಕದ ಹೊದಿಕೆ. ಆರೋಗ್ಯವಾಗಿರುವ ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 46–47ಕ್ಕೆ ಏರಿದರೆ ಕೋಳಿ ಉಳಿಯುವುದಿಲ್ಲ. ಬದುಕಿಗೂ ಸಾವಿಗೂ ನಡುವೆ ಇರುವುದು ಐದಾರು ಡಿಗ್ರಿ ಅಷ್ಟೇ.

ಮೈಬಿಸಿ ಹೊರಹಾಕಲು ಕೋಳಿಗೆ ನಾಲ್ಕೇ ದಾರಿ. ಜುಟ್ಟು, ಕೊಕ್ಕಿನ ಕೆಳಗಿನ ಜೋಲು, ಕಾಲುಗಳಿಗೆ ಹೆಚ್ಚು ರಕ್ತ ಹರಿಸುತ್ತದೆ. ರೆಕ್ಕೆಗಳನ್ನು ಮೈಯಿಂದ ಬಿಡಿಸಿ, ಪುಕ್ಕ ಕಮ್ಮಿ ಇರುವ ಕಂಕುಳಿಗೆ ಗಾಳಿ ಆಡಿಸುತ್ತದೆ. ತಂಪು ನೆಲ ಕೆದಕಿ ಹೊಟ್ಟೆ ಒತ್ತಿ ಮಲಗುತ್ತದೆ. ಇವು ಮೂರೂ ಸಾಲದಾದಾಗ ಬಾಯಿ ತೆರೆದು ತೇಕುತ್ತದೆ. ಮೊದಲ ಮೂರು ದಾರಿ ತೆರೆದಿರುವುದು ಗಾಳಿ, ನೆಲ, ಚಾವಣಿ ಕೋಳಿಯ ಮೈಗಿಂತ ತಣ್ಣಗಿರುವ ತನಕ. ತೇಕುವುದು ಫಲ ಕೊಡುವುದು ಗಾಳಿ ಒಣಗಿದ್ದು ತೇವ ಹೀರಿಕೊಳ್ಳುವ ತನಕ. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಈ ನಾಲ್ಕರಲ್ಲಿ ಒಂದು ದಾರಿಯನ್ನು ತೆರೆದಿಡುವ ಕೆಲಸ. ಯಾವ ದಾರಿಗೂ ಸೇರದ ಉಪಾಯಕ್ಕೆ ಹಣ ಹಾಕಬೇಡಿ.

ಕೆಲಸದ ಸರದಿ ಮುಖ್ಯ. ಮೊದಲು ನೆರಳು, ಆಮೇಲೆ ಗಾಳಿ, ಆಮೇಲೆ ಕುಡಿಯುವ ನೀರು. ಗೋಣಿ ಒದ್ದೆ ಮಾಡುವುದು, ನೀರು ಸಿಂಪಡಿಸುವುದು ಕೊನೆಗೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ: ಕಾದ ತಗಡಿನ ಕೆಳಗೆ, ಗಾಳಿಯಾಡದ ಗೂಡಿನಲ್ಲಿ ನೀರು ಚಿಮುಕಿಸುತ್ತಾರೆ. ಆಗ ಗೂಡು ಹಬೆಯ ಪಾತ್ರೆಯಾಗುತ್ತದೆ. ಒಳಗೆ ಬಂದ ಬಿಸಿಯನ್ನು ಓಡಿಸುವುದಕ್ಕಿಂತ ಬಿಸಿಯನ್ನು ಒಳಗೇ ಬಿಡದಿರುವುದು ಎಷ್ಟೋ ಅಗ್ಗ.

ಮೊದಲು ಅಳೆಯಿರಿ

ಎರಡು ಸಾಧಾರಣ ಥರ್ಮಾಮೀಟರ್ ಸಾಕು. ನಿಮ್ಮ ಕಣ್ಣಿನ ಎತ್ತರಕ್ಕಲ್ಲ, ನೆಲದಿಂದ 30 ಸೆಂಟಿಮೀಟರ್ ಮೇಲೆ, ಕೋಳಿಯ ತಲೆ ಇರುವ ಮಟ್ಟದಲ್ಲಿ, ನೇರ ಬಿಸಿಲು ಬೀಳದ ಕಡೆ ತೂಗುಹಾಕಿ. ಒಂದರ ಬುಡಕ್ಕೆ ಹತ್ತಿ ಬಟ್ಟೆಯ ಬತ್ತಿ ಸುತ್ತಿ, ಬತ್ತಿಯ ಇನ್ನೊಂದು ತುದಿಯನ್ನು ಸಣ್ಣ ಬಾಟಲಿಯ ನೀರಿನಲ್ಲಿ ಇಳಿಬಿಡಿ. ಒಣ ಥರ್ಮಾಮೀಟರ್ ಗಾಳಿಯ ಬಿಸಿ ತೋರಿಸುತ್ತದೆ. ಒದ್ದೆಯದು, ನೀರು ಆರುವುದರಿಂದ ಗಾಳಿ ಎಲ್ಲಿಯವರೆಗೆ ತಣಿಯಬಲ್ಲದು ಎಂಬುದನ್ನು ತೋರಿಸುತ್ತದೆ. ಒದ್ದೆಯದನ್ನು ಓದುವ ಮುಂಚೆ ಎರಡು ನಿಮಿಷ ರಟ್ಟಿನಿಂದ ಬೀಸಿ.

ಒಣದು 38, ಒದ್ದೆಯದು 26 ತೋರಿಸಿದರೆ ಗಾಳಿಯ ಆರ್ದ್ರತೆ ಸುಮಾರು 38 ಶೇಕಡ. ಅಂತರ 12 ಡಿಗ್ರಿ. ಒದ್ದೆ ಗೋಣಿ, ಮಣ್ಣಿನ ಪಾತ್ರೆ ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತವೆ. ಒಣದು 34, ಒದ್ದೆಯದು 30 ಎಂದರೆ ಆರ್ದ್ರತೆ 75 ಶೇಕಡದ ಹತ್ತಿರ. ಆವತ್ತು ನೀರು ಚಿಮುಕಿಸಿದರೆ ಕೋಳಿಯ ತೇಕುವ ದಾರಿಯನ್ನು ನೀವೇ ಮುಚ್ಚಿದಂತೆ. ಗಾಳಿ ಬೀಸುವ ಹಾಗೆ ಮಾಡುವುದೊಂದೇ ಉಪಾಯ. 34 ಡಿಗ್ರಿಯ ಸೆಖೆ 38ರ ಒಣ ಧಗೆಗಿಂತ ಕೋಳಿಗೆ ಕೆಟ್ಟದ್ದಾಗಬಹುದು ಎನ್ನುವುದು ಇದಕ್ಕೇ.

ಬೆಳೆದ ಕೋಳಿಗೆ ಹಿತವಾದ ಬಿಸಿ 18ರಿಂದ 24 ಡಿಗ್ರಿ. 27–30ರ ಹೊತ್ತಿಗೆ ತೇಕುವುದು ಶುರುವಾಗುತ್ತದೆ. 35 ದಾಟಿತೆಂದರೆ ಗೂಡಿನ ಕಡೆ ಗಂಟೆಗೊಮ್ಮೆ ಕಣ್ಣಿಡಬೇಕು. ಎದೆ ತುಂಬಿದ ಭಾರಿ ತಳಿಗಳು, ಮಾಂಸಕ್ಕೆ ಬೆಳೆಸುವ ಬ್ರಾಯ್ಲರ್, ಕಾಲಿಗೂ ಪುಕ್ಕ ಇರುವ ತಳಿಗಳು ಮೊದಲು ಕುಸಿಯುತ್ತವೆ. ದೊಡ್ಡ ಜುಟ್ಟಿನ, ಹಗುರ ಮೈಯ, ಕುತ್ತಿಗೆ ಬೋಳಾದ ತಳಿಗಳು ಹೆಚ್ಚು ತಾಳುತ್ತವೆ. ಋತುವಿನ ಮೊದಲ ಕಡು ಬಿಸಿಲಿನ ದಿನಕ್ಕೆ ವಿಶೇಷವಾಗಿ ಹೆದರಬೇಕು, ಏಕೆಂದರೆ ಕೋಳಿಯ ಮೈ ಇನ್ನೂ ಒಗ್ಗಿರುವುದಿಲ್ಲ. ಗೂಡಿನ ಕೆಲಸವೆಲ್ಲ ಆ ದಿನಕ್ಕೆ ಮುಂಚೆಯೇ ಮುಗಿದಿರಲಿ.

ಚಾವಣಿ

ಮಧ್ಯಾಹ್ನ ಎರಡು ಗಂಟೆಗೆ ಗೂಡಿನೊಳಗೆ ಕೈ ಹಾಕಿ, ತಗಡಿನಿಂದ ಒಂದು ಗೇಣು ಕೆಳಗೆ ಅಂಗೈ ಮೇಲಾಗಿ ಹಿಡಿಯಿರಿ. ಒಲೆಯ ಮೇಲಿನ ಕಾವಲಿಯ ಮೇಲೆ ಕೈ ಹಿಡಿದಂತೆ ಸುಡುತ್ತದೆ. ಅದು ಗಾಳಿಯ ಬಿಸಿಯಲ್ಲ, ತಗಡು ನೇರವಾಗಿ ಸೂಸುವ ಬಿಸಿ. ಫ್ಯಾನ್ ಹಾಕಿದರೂ ಇದು ನಿಲ್ಲುವುದಿಲ್ಲ. ಕೂರುವ ಗಳುವಿನ ಮೇಲಿರುವ ಕೋಳಿಯ ಬೆನ್ನಿಗೆ ಇಡೀ ಮಧ್ಯಾಹ್ನ ಬೀಳುವುದು ಇದೇ.

ಎಲ್ಲಕ್ಕಿಂತ ಅಗ್ಗದ ಪರಿಹಾರ ಸುಣ್ಣ. 5 ಕಿಲೋ ಅರಳಿದ ಸುಣ್ಣ, 10 ಲೀಟರ್ ನೀರು, ಮರಗೆಲಸಕ್ಕೆ ಬಳಸುವ ಬಿಳಿ ಅಂಟು ಅರ್ಧ ಲೀಟರ್. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಕಲಸಿಡಿ. ಬೆಳಗ್ಗೆ ಬಟ್ಟೆಯಲ್ಲಿ ಸೋಸಿ ಅಂಟು ಬೆರೆಸಿ. ಗಟ್ಟಿ ಮಜ್ಜಿಗೆಯ ಹದ ಇರಬೇಕು. ಅದಕ್ಕಿಂತ ಗಟ್ಟಿಯಾದರೆ ಆರಿದ ಮೇಲೆ ಹೊಪ್ಪಳಿಕೆ ಏಳುತ್ತದೆ. ತಗಡಿನ ಧೂಳು, ಎಣ್ಣೆ ಜಿಡ್ಡನ್ನು ತೊಳೆದು, ತಗಡು ತಣ್ಣಗಿರುವಾಗ ಬೆಳ್ಳಂಬೆಳಗ್ಗೆ ಅಥವಾ ಸಂಜೆ ಬಳಿಯಿರಿ. ಮೊದಲ ಕೈ ಉದ್ದುದ್ದಕ್ಕೆ, ಅದು ಆರಿದ ಮೇಲೆ ಎರಡನೆಯ ಕೈ ಅಡ್ಡಡ್ಡಕ್ಕೆ. ಕಾದ ತಗಡಿಗೆ ಬಳಿದರೆ ನೀರು ತಟ್ಟನೆ ಆರಿ ಸುಣ್ಣ ಹಿಡಿಯದೆ ಪುಡಿಯಾಗಿ ಉದುರುತ್ತದೆ. ಗೋಡೆಗೆ ಸುಣ್ಣ ಹೊಡೆಯುವಾಗ ಕೆಲವರು ಉಪ್ಪು ಬೆರೆಸುತ್ತಾರೆ. ತಗಡಿಗೆ ಅದು ಬೇಡವೇ ಬೇಡ, ತುಕ್ಕು ಹಿಡಿಸುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣು ಸುಡುತ್ತದೆ. ಕನ್ನಡಕ, ಕೈಗವಸು ಹಾಕಿಕೊಂಡೇ ಬಳಿಯಿರಿ. ಕೆಲಸ ಮುಗಿದು ಚಾವಣಿ ಆರುವ ತನಕ ಕೋಳಿ ಹೊರಗಿರಲಿ. ಹಳೆಯ ಸಿಮೆಂಟ್ ಶೀಟಾದರೆ ಒಣಗಿರುವಾಗ ಉಜ್ಜಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ನೀರು ಸುರಿದು ಮೆತ್ತಗೆ ತೊಳೆಯಿರಿ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ಪ್ರತಿ ವರ್ಷ ಹೊಸದಾಗಿ ಬಳಿಯಬೇಕು.

ಎರಡನೆಯದು ಮೇಲು ಹೊದಿಕೆ. ಹುಲ್ಲು, ಗರಿ, ಕಬ್ಬಿನ ಸೋಗೆ, ಏನಿದ್ದರೆ ಅದು, 10–15 ಸೆಂಟಿಮೀಟರ್ ದಪ್ಪ. ತಗಡಿನ ಮೇಲೆ ಗಳು ಅಡ್ಡ ಹಾಕಿ, ಹೊದಿಕೆಗೂ ತಗಡಿಗೂ ನಡುವೆ ಒಂದು ಗೇಣಿನಷ್ಟು ಸಂದು ಬಿಡಿ. ಈ ಸಂದಿನಲ್ಲಿ ಗಾಳಿ ಹರಿದು ಬಿಸಿಯನ್ನು ಹೊತ್ತೊಯ್ಯುತ್ತದೆ. ನೇರವಾಗಿ ತಗಡಿನ ಮೇಲೇ ಹರಡಿದರೆ ಅರ್ಧ ಲಾಭ ಹೋಯಿತು, ತಗಡೂ ತುಕ್ಕು ಹಿಡಿಯುತ್ತದೆ. ಒಣ ಹುಲ್ಲಿಗೆ ಬೆಂಕಿಯ ಭಯವಿದೆ, ಹತ್ತಿರದಲ್ಲಿ ವಿದ್ಯುತ್ ತಂತಿ, ಒಲೆ ಇರಬಾರದು. ಇಲಿ, ಹಾವು ಸೇರಿಕೊಳ್ಳುವುದರಿಂದ ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ.

ಶೇಡ್ ನೆಟ್ ಕಟ್ಟುವವರು 75 ಶೇಕಡ ಬಿಸಿಲು ತಡೆಯುವುದನ್ನು ಆರಿಸಿ, ಚಾವಣಿಯಿಂದ ಎರಡು ಅಡಿ ಮೇಲೆ ಎಳೆದು ಕಟ್ಟಿ. ಚಾವಣಿಗಿಂತ ಪಡುವಣ ಕಡೆ ಒಂದು ಮೀಟರ್ ಹೆಚ್ಚಿಗೆ ಚಾಚಿರಲಿ, ಏಕೆಂದರೆ ಮಧ್ಯಾಹ್ನ ಮೂರರ ನಂತರದ ಓರೆ ಬಿಸಿಲೇ ಗೋಡೆಯನ್ನು ಕಾಯಿಸುವುದು. ಪ್ಲಾಸ್ಟಿಕ್ ಟಾರ್ಪಾಲನ್ನು ಬಯಲಿನ ಅಂಗಳದ ಮೇಲೆ ತಗ್ಗಾಗಿ ಕಟ್ಟಬೇಡಿ, ನೆರಳು ಕೊಟ್ಟರೂ ಕೆಳಗಿನ ಬಿಸಿಗಾಳಿಯನ್ನು ಹಿಡಿದಿಡುತ್ತದೆ. ತಗಡಿನ ಒಳಮೈಗೆ ಥರ್ಮೋಕೋಲ್ ಅಂಟಿಸುವುದಂತೂ ಬೇಡ: ಕೊಕ್ಕಿಗೆ ಎಟುಕಿದಷ್ಟನ್ನು ಕೋಳಿ ಕುಕ್ಕಿ ನುಂಗುತ್ತದೆ.

ಬಳ್ಳಿ ಹಬ್ಬಿಸಿದ ಚಪ್ಪರ ಇವೆಲ್ಲಕ್ಕಿಂತ ಚೆನ್ನ. ಆದರೆ ಅದಕ್ಕೆ ಎರಡು ಮೂರು ತಿಂಗಳು ಮೊದಲೇ ಬೀಜ ಹಾಕಿರಬೇಕು, ಬುಡಕ್ಕೆ ಕೋಳಿ ಕೆದರದಂತೆ ಜಾಲರಿ ಸುತ್ತಿರಬೇಕು.

ಗಾಳಿ

2 ಕಿಲೋ ತೂಗುವ ಕೋಳಿ ಸುಮಾರು 10 ವಾಟ್ ಬಿಸಿ ಹೊರಸೂಸುತ್ತದೆ. ಹತ್ತು ಕೋಳಿ ಎಂದರೆ ಗೂಡಿನೊಳಗೆ ಹಗಲೂ ರಾತ್ರಿ 100 ವಾಟಿನ ಬಲ್ಬು ಉರಿದ ಹಾಗೆ. ಆ ಬಿಸಿ ಹೊರಹೋಗಲು ಎರಡು ಕಂಡಿ ಬೇಕು: ನೆರಳಿನ ಬದಿಯಲ್ಲಿ ಕೆಳಗೊಂದು, ಎದುರು ಬದಿಯಲ್ಲಿ ಚಾವಣಿಯ ಅಂಚಿಗೆ ಮೇಲೊಂದು. ಕಂಡಿ ಎರಡೂ ಒಂದೇ ಎತ್ತರದಲ್ಲಿದ್ದರೆ ಗಾಳಿ ಬೀಸದ ದಿನ ಒಳಗಿನ ಬಿಸಿ ಕದಲುವುದೇ ಇಲ್ಲ.

ಹಲಗೆ ಹೊಡೆದ ಹಳೆಯ ಗೂಡಾದರೆ ಬೇಸಿಗೆಗೆಂದು ಬಾಗಿಲನ್ನೇ ಕಳಚಿ, ಅದೇ ಅಳತೆಯ ಚೌಕಟ್ಟಿಗೆ ಜಾಲರಿ ಬಡಿದು ಹಾಕಿ. ಜಾಲರಿ 12 ಮಿಲಿಮೀಟರ್ ಕಣ್ಣಿನ ವೆಲ್ಡ್ ಮೆಷ್ ಆಗಿರಲಿ. ಆರು ಮೂಲೆಯ ಕಣ್ಣಿನ ತೆಳು ಕೋಳಿಬಲೆಯನ್ನು ನಾಯಿ ಹರಿಯುತ್ತದೆ, ಅದರ ಕಣ್ಣಿನಲ್ಲಿ ಇಲಿ, ಮುಂಗುಸಿ ಮರಿ ನುಸುಳುತ್ತವೆ. ಸ್ಟೇಪಲ್ ಪಿನ್ ಮಾತ್ರ ನಂಬಬೇಡಿ; ಗೇಣಿಗೊಂದು ವಾಷರ್ ಹಾಕಿದ ಸ್ಕ್ರೂ ಬಿಗಿಯಿರಿ.

ಟೇಬಲ್ ಫ್ಯಾನ್ ಇಡುವುದಾದರೆ ಜಾಲರಿಯ ಹೊರಗೆ, ನೆರಳಿನ ಬದಿಯಲ್ಲಿ, ಕೋಳಿಯ ಬೆನ್ನಿನ ಮಟ್ಟಕ್ಕೆ. ಬಿಸಿಲು ಬಡಿಯುವ ಬದಿಯಲ್ಲಿಟ್ಟರೆ ಸುಡುಗಾಳಿಯನ್ನೇ ಒಳಗೆ ತಳ್ಳುತ್ತದೆ. ಗಾಳಿಯ ಬಿಸಿ ಕೋಳಿಯ ಮೈಬಿಸಿಯ ಹತ್ತಿರ, ಅಂದರೆ 40 ಡಿಗ್ರಿ ದಾಟಿದಾಗ, ಬರೀ ಫ್ಯಾನಿನಿಂದ ಮೈ ತಣಿಯುವುದಿಲ್ಲ. ಆಗ ಗಾಳಿಯ ಜೊತೆ ತೇವವೂ ಬೇಕು. ಕೋಳಿಯ ಧೂಳು, ನವಿರು ಪುಕ್ಕ ಮೋಟಾರಿನಲ್ಲಿ ಕೂತು ಬಿಸಿಯಾಗಿ ಬೆಂಕಿ ಹೊತ್ತಿಕೊಂಡೀತು. ವಾರಕ್ಕೊಮ್ಮೆ ಪ್ಲಗ್ ತೆಗೆದು ಬ್ರಷ್‌ನಿಂದ ಒರೆಸಿ. ತಂತಿಗೆ ಮಧ್ಯದಲ್ಲಿ ಟೇಪು ಸುತ್ತಿದ ಜೋಡಣೆ ಇರಬಾರದು.

ಗೂಡಿನ ಹೊಟ್ಟಿನ ಹಾಸನ್ನು ಬೇಸಿಗೆಯಲ್ಲಿ 5 ಸೆಂಟಿಮೀಟರಿಗೆ ಇಳಿಸಿ. ದಪ್ಪ ಹಾಸು ಹಿಕ್ಕೆಯ ಜೊತೆ ಕೊಳೆಯುತ್ತ ತಾನೇ ಬಿಸಿ ಹುಟ್ಟಿಸುತ್ತದೆ. ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ಕಣ್ಣು ಉರಿದರೆ ಅಮೋನಿಯ ಕೂತಿದೆ ಎಂದರ್ಥ. ಗಂಟು ಕಟ್ಟಿದ ಹಾಸನ್ನು ಅಂದೇ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಜಾಗ ಒಂದು ಕೋಳಿಗೆ 4 ಚದರ ಅಡಿಗಿಂತ ಕಮ್ಮಿಯಾದರೆ, ಕೋಳಿಗಳನ್ನು ಎರಡು ಕಡೆ ಹಂಚುವುದಕ್ಕಿಂತ ಒಳ್ಳೆಯ ಫ್ಯಾನ್ ಇಲ್ಲ.

ಕುಡಿಯುವ ನೀರು

ಹಿತವಾದ ಹವೆಯಲ್ಲಿ ಒಂದು ಹೇಂಟೆ ದಿನಕ್ಕೆ 200–250 ಮಿಲಿಲೀಟರ್ ಕುಡಿಯುತ್ತದೆ. ಕಡು ಬೇಸಿಗೆಯಲ್ಲಿ ಇದು ಎರಡು ಪಟ್ಟು. ಹತ್ತು ಕೋಳಿಗೆ 5 ಲೀಟರ್ ಎಂದು ಲೆಕ್ಕ ಹಿಡಿದು, ಚೆಲ್ಲುವುದಕ್ಕೆ ಇನ್ನೆರಡು ಸೇರಿಸಿ. ತೇಕುವಾಗ ಪ್ರತಿ ಉಸಿರಿನಲ್ಲೂ ನೀರು ಹೋಗುತ್ತಿರುತ್ತದೆ. ಮಧ್ಯಾಹ್ನ ಒಂದೆರಡು ಗಂಟೆ ನೀರಿಲ್ಲದೆ ಬಿಟ್ಟರೂ ಅದು ಪ್ರಾಣಕ್ಕೆ ಬರುತ್ತದೆ.

ನೀರು ಇದ್ದರೆ ಸಾಲದು, ತಣ್ಣಗಿರಬೇಕು. ಕಾದ ನೀರನ್ನು ಕೋಳಿ ಕೊಕ್ಕು ಅದ್ದಿ ಬಿಟ್ಟುಬಿಡುತ್ತದೆ. ಬಿಸಿಲಲ್ಲಿ ಬಿದ್ದ ಪೈಪಿನಲ್ಲಿ ನಿಂತ ನೀರು ಕೈಗೇ ಸುಡುತ್ತದೆ, ಆದ್ದರಿಂದ ನಲ್ಲಿ ತಿರುಗಿಸಿದ ಮೇಲೆ ಮೊದಲು ಬರುವ ಆ ಬಿಸಿನೀರನ್ನು ಗಿಡದ ಬುಡಕ್ಕೆ ಬಿಟ್ಟು, ತಣ್ಣಗಾದ ಮೇಲೆ ಪಾತ್ರೆ ತುಂಬಿಸಿ. ಹೊರಗೆ ಬಿದ್ದ ಕಪ್ಪು ಟ್ಯಾಂಕಿನ ನೀರಾದರೆ ರಾತ್ರಿಯೇ ಹಿಡಿದು ಮನೆಯೊಳಗೆ ಇಟ್ಟುಕೊಳ್ಳಿ.

ಒಣ ಹವೆಗೆ ಜೋಡಿ ಬಾನಿಯಷ್ಟು ಸುಲಭದ ತಂಪುಪಾತ್ರೆ ಬೇರೆ ಇಲ್ಲ. ಹೊಳಪು ಬಳಿಯದ, ಬಣ್ಣ ಹಚ್ಚದ ಮಣ್ಣಿನ ಬಾನಿ ಎರಡು ಬೇಕು: ಹೊರಗಿನದು ಸುಮಾರು 40 ಸೆಂಟಿಮೀಟರ್ ಅಗಲ, ಒಳಗಿನದು 28–30. ಹೊರಗಿನದರ ತಳದಲ್ಲಿ ತೂತಿದ್ದರೆ ಸಿಮೆಂಟಿನಿಂದ ಮುಚ್ಚಿ. ಎರಡನ್ನೂ ಒಂದು ದಿನ ನೀರಿನಲ್ಲಿ ನೆನೆಸಿ. ಹೊರಗಿನ ಬಾನಿಯ ತಳಕ್ಕೆ 3 ಸೆಂಟಿಮೀಟರ್ ಮರಳು ಹರಡಿ, ಒಳಬಾನಿ ಕೂರಿಸಿ. ಎರಡರ ಬಾಯಂಚೂ ಸಮ ಇರಲಿ, ಇಲ್ಲದಿದ್ದರೆ ತಳದ ಮರಳನ್ನು ಹೆಚ್ಚು ಕಮ್ಮಿ ಮಾಡಿ. ಸುತ್ತಲ ಸಂದಿಗೆ ಮರಳು ತುಂಬಿ, ಅಂಚಿನಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ, ಮೇಲೆ ಗೋಲಿಗಾತ್ರದ ಕಲ್ಲು ಹಾಸಿ. ಕಲ್ಲಿಲ್ಲದಿದ್ದರೆ ಕೋಳಿ ಮರಳನ್ನು ಕೆದರಿ ಕುಡಿಯುವ ನೀರಿಗೆ ಎಸೆಯುತ್ತದೆ. ಬೆಳಗ್ಗೆ, ಮಧ್ಯಾಹ್ನ ಮರಳಿಗೆ ನೀರು ಹಾಕಿ. ಗಾಳಿಯಾಡುವ ನೆರಳಿನಲ್ಲಿ, ಎರಡು ಇಟ್ಟಿಗೆಗಳ ಮೇಲೆ, ತಳಕ್ಕೂ ಗಾಳಿ ತಗಲುವಂತೆ ಇಡಿ. ಕೆಲವು ವಾರಗಳಲ್ಲಿ ಹೊರಮೈಗೆ ಬಿಳಿ ಉಪ್ಪು ಕಟ್ಟಿ ಮಣ್ಣಿನ ರಂಧ್ರ ಮುಚ್ಚುತ್ತದೆ, ತಂಪು ಕಮ್ಮಿಯಾಗುತ್ತದೆ. ಆಗ ನಾರು ಬ್ರಷ್‌ನಿಂದ ಉಜ್ಜಿ ಒಂದು ದಿನ ಬಿಸಿಲಿಗಿಡಿ. ಸೆಖೆಯ ದಿನ ಈ ಪಾತ್ರೆಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ, ಅಂದು ನೀರು ಬದಲಿಸುತ್ತಿರುವುದೇ ಕೆಲಸ.

ಮನೆಯಿಂದ ದೂರವಿರುವ ಗೂಡಿಗೆ ತಾನೇ ತುಂಬಿಕೊಳ್ಳುವ ಕ್ಯಾನ್ ಮಾಡಿಕೊಳ್ಳಬಹುದು. ಬಿಗಿ ಮುಚ್ಚಳದ 5 ಲೀಟರ್ ಕ್ಯಾನ್, 7 ಸೆಂಟಿಮೀಟರ್ ಆಳದ ಅಗಲ ಬೇಸಿನ್. ಕ್ಯಾನಿನ ಬದಿಯಲ್ಲಿ ತಳದಿಂದ 4 ಸೆಂಟಿಮೀಟರ್ ಮೇಲೆ, ಕಾಯಿಸಿದ ಮೊಳೆಯಿಂದ 6–8 ಮಿಲಿಮೀಟರ್ ತೂತು ಮಾಡಿ. ತೂತನ್ನು ಬೆರಳಿನಿಂದ ಒತ್ತಿ ಹಿಡಿದು ನೀರು ತುಂಬಿ, ಮುಚ್ಚಳ ಬಿಗಿದು, ಬೇಸಿನ್ನಿನಲ್ಲಿಟ್ಟು ಬೆರಳು ತೆಗೆಯಿರಿ. ನೀರು ತೂತಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಕೋಳಿ ಕುಡಿದಷ್ಟೂ ಇಳಿಯುತ್ತದೆ. ಬೇಸಿನ್ ತುಂಬಿ ಹರಿಯುತ್ತಿದ್ದರೆ ಮೂರು ಕಡೆ ನೋಡಿ: ತೂತು ಬೇಸಿನ್ನಿನ ಅಂಚಿಗಿಂತ ಮೇಲಿದೆ, ಮುಚ್ಚಳದ ವಾಷರಿನಲ್ಲಿ ಗಾಳಿ ನುಸುಳುತ್ತಿದೆ, ಇಲ್ಲವೇ ಕ್ಯಾನಿಗೆ ಬಿಸಿಲು ಬಡಿದು ಒಳಗಿನ ಗಾಳಿ ಹಿಗ್ಗಿ ನೀರನ್ನು ಹೊರತಳ್ಳುತ್ತಿದೆ. ಮೂರನೆಯದು ಬಹಳ ಜನಕ್ಕೆ ಹೊಳೆಯುವುದಿಲ್ಲ, ಮುಚ್ಚಳವನ್ನೇ ಮತ್ತೆ ಮತ್ತೆ ಬದಲಿಸುತ್ತಾರೆ.

ಪಾತ್ರೆ ಎರಡಕ್ಕೆ ಕಮ್ಮಿ ಇರಬಾರದು, ದೂರ ದೂರ ಇರಬೇಕು. ಜೋರಿನ ಹೇಂಟೆ ಒಂದರ ಮುಂದೆ ನಿಂತುಬಿಟ್ಟರೆ ಸಾಧು ಸ್ವಭಾವದವು ಇಡೀ ಮಧ್ಯಾಹ್ನ ಬಾಯಾರಿಕೊಂಡೇ ಇರುತ್ತವೆ. ಕೋಳಿ ಮಲಗುವ ನೆರಳಿನಲ್ಲೇ ನೀರಿರಲಿ. ಸುಡುವ ಅಂಗಳ ದಾಟಿ ಹೋಗಿ ಕುಡಿಯುವುದಿಲ್ಲ. ಪಾತ್ರೆಗಳನ್ನು ದಿನಾ ಉಜ್ಜಿ ತೊಳೆಯಿರಿ, ಬಿಸಿಲಿಗೆ ಲೋಳೆ ಬೇಗ ಕಟ್ಟುತ್ತದೆ. ಕಾಲು ಮುಳುಗುವಷ್ಟು, 3–5 ಸೆಂಟಿಮೀಟರ್ ನೀರಿನ ಅಗಲ ತಟ್ಟೆಯೊಂದನ್ನು ಬೇರೆಯಾಗಿ ಇಟ್ಟರೆ ಕೆಲವು ಕೋಳಿಗಳು ಅದರಲ್ಲೇ ನಿಲ್ಲುತ್ತವೆ, ಕಾಲಿನ ಮೂಲಕ ಬಿಸಿ ಇಳಿಯುತ್ತದೆ. ಫ್ರಿಜ್ ಇದ್ದವರು ಬಾಟಲಿಗೆ ಮುಕ್ಕಾಲು ನೀರು ತುಂಬಿ ಹೆಪ್ಪುಗಟ್ಟಿಸಿ ಈ ತಟ್ಟೆಯಲ್ಲಿ ಮಲಗಿಸಬಹುದು. ಪೂರ್ತಿ ತುಂಬಿದರೆ ಬಾಟಲಿ ಒಡೆಯುತ್ತದೆ.

ಕಡು ಧಗೆಯ ದಿನ ಲವಣದ ನೀರು ಸಹಾಯಕ್ಕೆ ಬರುತ್ತದೆ. 4 ಲೀಟರ್ ನೀರಿಗೆ ಅಡುಗೆ ಉಪ್ಪು ಅರ್ಧ ಚಮಚ, ಅಡುಗೆ ಸೋಡ ಅರ್ಧ ಚಮಚ, ಸಕ್ಕರೆ ಒಂದು ದೊಡ್ಡ ಚಮಚ. ಚಮಚ ಎಂದರೆ 5 ಮಿಲಿಲೀಟರಿನದು, ತಲೆತಟ್ಟಿ ಅಳೆದದ್ದು. ಬಿಸಿ ಏರಿದ ನಾಲ್ಕೈದು ಗಂಟೆ ಮಾತ್ರ ಇಡಿ, ಪಕ್ಕದಲ್ಲೇ ಬರೀ ನೀರೂ ಇರಲೇಬೇಕು. ಉಳಿದದ್ದನ್ನು ಸಂಜೆ ಚೆಲ್ಲಿ. ಕೈಯಳತೆಯಲ್ಲಿ ಉಪ್ಪು ಹಾಕಬೇಡಿ, ಹೆಚ್ಚಾದರೆ ಕೋಳಿಗೆ ವಿಷವೇ. ವಿನೆಗರ್ ಬೆರೆಸುವ ಅಭ್ಯಾಸವಿದ್ದವರು ಸತು ಲೇಪಿಸಿದ ಲೋಹದ ಪಾತ್ರೆಯಲ್ಲಿ ಖಂಡಿತ ಬೆರೆಸಬೇಡಿ, ಸತು ಕರಗಿ ನೀರಿಗೆ ಇಳಿಯುತ್ತದೆ.

ಒದ್ದೆ ಗೋಣಿ ಮತ್ತು ತಂಪು ಹೊಂಡ

ಒದ್ದೆ ಥರ್ಮಾಮೀಟರಿನ ಅಂತರ 8 ಡಿಗ್ರಿಗಿಂತ ಹೆಚ್ಚಿದ್ದ ದಿನ ಗೋಣಿತಾಟಿನ ಪರದೆ ಕಟ್ಟಿ. ಗಾಳಿ ಬರುವ ಬದಿಗೆ ಮಾತ್ರ, ಜಾಲರಿಯಿಂದ ಒಂದಡಿ ದೂರದಲ್ಲಿ. ನಾಲ್ಕೂ ಬದಿ ಮುಚ್ಚಿದರೆ ತೇವ ಒಳಗೇ ನಿಂತು ಕೋಳಿಗೆ ಉಸಿರು ಕಟ್ಟುತ್ತದೆ. ರಸಗೊಬ್ಬರ, ಔಷಧಿ ತುಂಬಿದ್ದ ಚೀಲ ಎಷ್ಟು ತೊಳೆದರೂ ಬೇಡ. ಪರದೆಯ ಮೇಲಂಚಿಗೆ 2 ಲೀಟರಿನ ಬಾಟಲಿಗಳನ್ನು ತಲೆಕೆಳಗಾಗಿ ಕಟ್ಟಿ, ಮುಚ್ಚಳಕ್ಕೆ ಸೂಜಿಯಲ್ಲಿ ಒಂದು ತೂತು, ಗಾಳಿ ಒಳಗೆಳೆಯಲು ತಳಕ್ಕೊಂದು ತೂತು ಮಾಡಿ. ಎರಡು ಮೀಟರ್ ಪರದೆಗೆ ಮೂರು ಬಾಟಲಿ ಸಾಕು. ತರಕಾರಿ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಇದಕ್ಕೆ ಬಳಸಬಹುದು, ಸೋಪಿನ ನೀರು ಬೇಡ. ಹತ್ತು ಗಂಟೆಗೆ ಶುರು ಮಾಡಿ ನಾಲ್ಕಕ್ಕೆ ನಿಲ್ಲಿಸಿ. ಸಂಜೆಯೊಳಗೆ ಗೋಣಿ ಒಣಗಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. 38 ಮತ್ತು 26 ಇದ್ದ ದಿನ ಪರದೆ ದಾಟಿ ಬಂದ ಗಾಳಿ ಐದಾರು ಡಿಗ್ರಿ ತಗ್ಗಿದರೆ ಕೆಲಸ ಚೆನ್ನಾಗಿ ಆಗಿದೆ ಎಂದು ತಿಳಿಯಿರಿ. ಎಷ್ಟು ನೀರು ಸುರಿದರೂ 26ಕ್ಕಿಂತ ಕೆಳಗಂತೂ ಇಳಿಯದು.

ನೀರು ಕಮ್ಮಿ ಇರುವ ಕಡೆ ಹೊಂಡವೇ ಲೇಸು. ನೆರಳಿನಲ್ಲಿ ಮೂರಡಿಗೆ ಎರಡಡಿ, ಒಂದಡಿ ಆಳ ತೋಡಿ, ಮಣ್ಣನ್ನು ಸಡಿಲಿಸಿ ಮರಳು, ಸೋಸಿದ ಮರದ ಬೂದಿ ಬೆರೆಸಿ ಮತ್ತೆ ತುಂಬಿ. ಅರ್ಧ ಭಾಗಕ್ಕೆ ಮಾತ್ರ ಬೆಳಗ್ಗೆ ಒಂದು ಚೊಂಬು ನೀರು ಹಾಕಿ. ಒಣ ಅರ್ಧದಲ್ಲಿ ಧೂಳು ಮಿಂದು ಹೇನು ಉದುರಿಸಿಕೊಳ್ಳುತ್ತವೆ, ಒದ್ದೆ ಅರ್ಧವನ್ನು ಕೆದರಿ ಹೊಟ್ಟೆ ಹಚ್ಚಿ ಮಲಗುತ್ತವೆ. ಹೀಗೆ ಮಲಗಿದ ಕೋಳಿಯ ಗಂಟಲು ನೋಡಿ: ಪಟಪಟ ಬಡಿಯುತ್ತಿದ್ದ ಗಂಟಲ ಚರ್ಮ ಕಾಲು ಗಂಟೆಯಲ್ಲಿ ನಿಧಾನವಾದರೆ ಹೊಂಡ ಸರಿಯಾಗಿದೆ. ಎಲ್ಲ ಕೋಳಿಗೂ ಜಾಗ ಸಾಲದಿದ್ದರೆ ಇನ್ನೊಂದು ತೋಡಿ.

ಮೇವು, ಮೊಟ್ಟೆ

ತಿಂದದ್ದು ಅರಗುವಾಗ ಮೈ ಕಾಯುತ್ತದೆ, ತಿಂದ ನಾಲ್ಕಾರು ಗಂಟೆಗೆ ಅದು ಹೆಚ್ಚು. ಒಂಬತ್ತಕ್ಕೆ ಹೊಟ್ಟೆ ತುಂಬಿದರೆ ಆ ಬಿಸಿ ಸರಿಯಾಗಿ ಸುಡುಬಿಸಿಲಿನ ಹೊತ್ತಿಗೆ ಬಂದು ಸೇರುತ್ತದೆ. ಆದ್ದರಿಂದ ಬೆಳಗಿನ ಮೇವು ಬೆಳಕು ಹರಿಯುವಾಗಲೇ ಹಾಕಿ ಎಂಟಕ್ಕೆ ಎತ್ತಿಬಿಡಿ, ಉಳಿದದ್ದು ಸಂಜೆ ಐದರ ಮೇಲೆ. ದಿನಕ್ಕೆ 100–120 ಗ್ರಾಂ ತಿನ್ನುವ ಹೇಂಟೆ ಧಗೆಯಲ್ಲಿ ಕಮ್ಮಿ ತಿನ್ನುವುದು ಸಹಜ. ಕಾಳು ಎರಚಿ ಆಸೆ ಹುಟ್ಟಿಸಬೇಡಿ: ಬರೀ ಕಾಳಿನಿಂದ ಹೊಟ್ಟೆ ತುಂಬಿ, ಇದ್ದಬದ್ದ ಹಸಿವಿನಲ್ಲಿ ಹೋಗಬೇಕಿದ್ದ ಪೌಷ್ಟಿಕ ಮೇವು ಹೋಗುವುದಿಲ್ಲ. ಅದರ ಬದಲು ಮೇವನ್ನೇ ಸಮ ನೀರಿನಲ್ಲಿ ಕಲಸಿ, ಅರ್ಧ ಗಂಟೆಯಲ್ಲಿ ಖಾಲಿಯಾಗುವಷ್ಟು ಕೊಡಿ. ಕಲಸಿದ ಮೇವು ಬಿಸಿಲಿಗೆ ಬೇಗ ಹುಳಿಯುತ್ತದೆ, ಬೂಷ್ಟು ಬಂದದ್ದು ಕೋಳಿಯನ್ನು ಕೊಲ್ಲಬಲ್ಲದು.

ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗುವುದಕ್ಕೆ ಸುಣ್ಣದ ಕೊರತೆಯೊಂದೇ ಕಾರಣವಲ್ಲ. ತೇಕುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಸುಣ್ಣಕಲ್ಲಿನ ನುಚ್ಚು ಅಥವಾ ಸಿಂಪಿ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಸಂಜೆ ಇಡಿ. ಚಿಪ್ಪು ಕಟ್ಟುವುದು ಬಹುಪಾಲು ರಾತ್ರಿ. ನೆರಳು ಸರಿಯಾಗದೆ ಪುಡಿ ಎಷ್ಟಿಟ್ಟರೂ ಚಿಪ್ಪು ಪೂರ್ತಿ ಸುಧಾರಿಸದು. ಮೊಟ್ಟೆಯನ್ನು ದಿನಕ್ಕೆ ಮೂರು ಸಲ ಎತ್ತಿ. ಹುಂಜ ಇರುವ ಗುಂಪಿನ ಮೊಟ್ಟೆಯಲ್ಲಿ ಈ ಬಿಸಿಗೆ ಭ್ರೂಣ ಬೆಳೆಯತೊಡಗುತ್ತದೆ.

ಕೋಳಿ ಕುಸಿದಾಗ

ಬಾಯಿ ತೆರೆದು ತೇಕುತ್ತ ನಡೆದಾಡುತ್ತಿದ್ದರೆ ಇನ್ನೂ ತಾಳಿಕೊಂಡಿದೆ. ಕಣ್ಣು ಅರೆಮುಚ್ಚಿ, ರೆಕ್ಕೆ ಜೋತುಬಿದ್ದು, ನೀರಿನ ಮುಂದೆ ನಿಂತೂ ಕುಡಿಯದಿದ್ದರೆ, ಕಾಲು ತಡವರಿಸಿದರೆ, ತಕ್ಷಣ ಎತ್ತಿಕೊಳ್ಳಿ. ಬಕೆಟ್ಟಿನಲ್ಲಿ ಮಾಮೂಲು ತಣ್ಣೀರು, ಐಸ್ ಹಾಕಿದ್ದಲ್ಲ. ಐಸ್ ನೀರು ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ, ಆಘಾತಕ್ಕೂ ಸಾಯಬಹುದು. ಎರಡೂ ರೆಕ್ಕೆ ಅಂಗೈಯಲ್ಲಿ ಹಿಡಿದು, ಮೊದಲು ಕಾಲು, ಆಮೇಲೆ ಹೊಟ್ಟೆ, ಕುತ್ತಿಗೆಯ ಬುಡದ ತನಕ ಇಳಿಸಿ. ತಲೆ ಮೇಲೇ ಇರಲಿ. ರೆಕ್ಕೆಯಡಿ, ಎದೆಯ ಪುಕ್ಕದೊಳಕ್ಕೆ ಬೆರಳಾಡಿಸಿ ನೀರು ಚರ್ಮಕ್ಕೆ ತಾಗಿಸಿ. ಮೇಲಿಂದ ಸುರಿದ ನೀರು ಪುಕ್ಕದ ಮೇಲೆ ಜಾರಿ ಹೋಗುತ್ತದೆ. ಮೂರು ನಾಲ್ಕು ನಿಮಿಷದ ನಂತರ ಗಾಳಿಯಾಡುವ ನೆರಳಿನಲ್ಲಿ ಬಿಡಿ. ಒದ್ದೆ ಕೋಳಿಯನ್ನು ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿಡಬೇಡಿ. ಗಂಟಲಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಇಳಿಯುತ್ತದೆ. ಕೊಕ್ಕಿನ ಬದಿಗೆ ಹನಿ ಹನಿಯಾಗಿ ತಾಗಿಸಿ, ನುಂಗಿದರೆ ಮಾತ್ರ ಮುಂದಿನ ಹನಿ.

ಮೈ ಕಾದ ಹೊತ್ತಿನಲ್ಲಿ ಓಡಿಸುವುದು, ಹಿಡಿಯುವುದು, ಲಸಿಕೆ, ಹುಳದ ಔಷಧಿ, ಸಾಗಾಟ ಯಾವುದೂ ಬೇಡ. ಇವೆಲ್ಲ ಬೆಳಗಿನ ಜಾವದ ಕೆಲಸ.

ಕಾವಿಗೆ ಕೂತ ಹೇಂಟೆಯ ಮೇಲೆ ಪ್ರತ್ಯೇಕ ಕಣ್ಣಿರಲಿ. ಅದು ಬಾಯಾರಿದರೂ ಏಳುವುದಿಲ್ಲ, ಮೊಟ್ಟೆಯ ಮೇಲೇ ಪ್ರಾಣ ಬಿಡುತ್ತದೆ. ಕಾವಿನ ಬುಟ್ಟಿಯನ್ನು ಪಡುವಣ ಗೋಡೆಯಿಂದ ದೂರ ಇಟ್ಟು, ದಿನಕ್ಕೆ ಎರಡು ಸಲ ಕೈಯಾರೆ ಎತ್ತಿ ನೀರಿನ ಮುಂದೆ ಬಿಡಿ. ಮರಿಗಳ ಕಥೆ ಬೇರೆ: ಮೊದಲ ವಾರ ಅವಕ್ಕೆ 32–35 ಡಿಗ್ರಿ ಬೇಕೇ ಬೇಕು. ಹಗಲು ಗಾಳಿಯೇ ಅಷ್ಟಿದ್ದರೆ ಬಲ್ಬು ಆರಿಸಿ, ರಾತ್ರಿ ಹಚ್ಚಿ. ಮರಿಗಳು ಬಲ್ಬಿನಿಂದ ದೂರ ಸರಿದು ಅಂಚಿಗೆ ಒತ್ತಿಕೊಂಡು ಬಾಯಿ ತೆರೆದರೆ ಬಿಸಿ ಹೆಚ್ಚು, ಒಂದರ ಮೇಲೊಂದು ಗುಡ್ಡೆ ಬಿದ್ದರೆ ಕಮ್ಮಿ. ಅವುಗಳ ನೀರಿನ ತಟ್ಟೆಗೆ ಗೋಲಿಕಲ್ಲು ತುಂಬಿಡಿ, ಇಲ್ಲದಿದ್ದರೆ ಮುಳುಗುತ್ತವೆ.

ರಾತ್ರಿ ಕಂಡಿಗಳನ್ನು ಮುಚ್ಚಬೇಡಿ. ಹಗಲು ಮೈಯಲ್ಲಿ ಕೂಡಿದ ಬಿಸಿ ಇಳಿಯುವುದು ಆಗಲೇ, ಅದು ಇಳಿಯದೆ ಬೆಳಗಾದರೆ ಮರುದಿನ ಕೋಳಿ ಬೇಗ ಸೋಲುತ್ತದೆ. ಗಳುವಿನ ಮೇಲೆ ಒಂದೊಂದಕ್ಕೆ ಒಂದಡಿ ಜಾಗ ಇರಲಿ, ಗಳು ತಗಡಿನಿಂದ ಎರಡಡಿಯಾದರೂ ಕೆಳಗಿರಲಿ.

ಸಂಜೆ ತಂಪಾದ ಮೇಲೂ ತೇಕುವುದು ನಿಲ್ಲದಿದ್ದರೆ ಬಿಸಿಲನ್ನು ದೂರಬೇಡಿ. ಧಗೆಯ ತೇಕಿಗೆ ಗೊರಗೊರ ಸದ್ದಿಲ್ಲ, ಮೂಗು ಸೋರುವುದಿಲ್ಲ, ಗಾಳಿ ತಣಿದಂತೆ ಅದೂ ಇಳಿಯುತ್ತದೆ. ಸದ್ದು, ಸಿಂಬಳ, ಹಸಿರು ಭೇದಿ, ಕತ್ತು ತಿರುಚುವುದು, ತಂಪಿನ ದಿನವೂ ಒಂದರ ಹಿಂದೊಂದು ಸಾಯುವುದು ಕಂಡರೆ ಅದು ರೋಗ. ಆ ಕೋಳಿಗಳನ್ನು ಬೇರ್ಪಡಿಸಿ, ಪಾತ್ರೆ ಬೇರೆ ಮಾಡಿ, ಅಂದೇ ಪಶುವೈದ್ಯರನ್ನು ಕರೆಸಿ. ಸತ್ತದ್ದನ್ನು ಬಾವಿ, ಹಳ್ಳದಿಂದ ದೂರ ಆಳಕ್ಕೆ ಹೂಳಿ, ಮೇಲೆ ಸುಣ್ಣ ಎರಚಿ, ನಾಯಿ ಕೆದಕದಂತೆ ಕಲ್ಲು ಹೇರಿ.